ಗಾರ್ಡನ್ ಮಾಡುವವರಿಗೆ ಬರೆದುಕೊಟ್ಟ ವರ್ಷಗಳು

ತಿಪಟೂರಿನಲ್ಲಿ ನಾನು ಮಾಡುತ್ತಿದ್ದ ಕೆಲಸ ಏನೆಂದು ನೆರೆಹೊರೆಯವರಿಗೆ ಕೊನೆಯವರೆಗೂ ಸರಿಯಾಗಿ ಗೊತ್ತಾಗಲಿಲ್ಲ. ಎದುರುಮನೆಯಾಕೆ ತನ್ನ ನೆಂಟರಿಗೆ ನನ್ನನ್ನು ತೋರಿಸಿ, "ಇವ್ರು ಗಿಡದೋರಿಗೆ ಬರ್ಕೊಡ್ತಾರೆ ಕಣ್ರೀ" ಎನ್ನುತ್ತಿದ್ದರು. ನೆಂಟರು ತಲೆಯಾಡಿಸಿ, ಸ್ವಲ್ಪ ಹೊತ್ತಾದ ಮೇಲೆ "ಗಿಡದೋರಿಗೆ ಏನ್ ಬರ್ಕೊಡೋದು?" ಎಂದು ಮೆಲ್ಲಗೆ ಕೇಳುತ್ತಿದ್ದರು. ಅದಕ್ಕೆ ಉತ್ತರ ಹೇಳಿ ಮುಗಿಸುವಷ್ಟರಲ್ಲಿ ಕಾಫಿ ಆರಿಹೋಗುತ್ತಿತ್ತು. ಈಗ ಕೆಲಸ ಬಿಟ್ಟು ಮನೆಯಲ್ಲಿದ್ದೇನೆ. ಕಾಫಿ ಆರಿದರೂ ಚಿಂತೆಯಿಲ್ಲ, ಪೂರ್ತಿ ಹೇಳುತ್ತೇನೆ.

ನರ್ಸರಿ ಇಟ್ಟವರು, ಮನೆ ಮುಂದೆ ಲಾನ್ ಹಾಕಿಕೊಡುವವರು, ಕಲ್ಲು ಜೋಡಿಸಿ ಕೊಳ ಮಾಡಿ ಸುತ್ತ ಗಿಡ ಕೂರಿಸುವವರು, ಇವರಿಗೆಲ್ಲ ಬೇಕಾದ ಮಾತನ್ನು ಬರೆದುಕೊಡುವುದು ನನ್ನ ಕೆಲಸವಾಗಿತ್ತು. ಮೊದಲು ಕರಪತ್ರ, ಆಮೇಲೆ ವೆಬ್‌ಸೈಟಿನ ಪುಟ, ಆಮೇಲೆ ವಾಟ್ಸಾಪಿನಲ್ಲಿ ಕಳಿಸುವ ನಾಲ್ಕು ಸಾಲು, ಕಡೇ ಕಡೇಗೆ ಮೊಬೈಲ್ ವಿಡಿಯೋಗೆ ಹೇಳಬೇಕಾದ ಮಾತು. ಯಾರ ಹತ್ತಿರವೂ ಸಂಬಳಕ್ಕೆ ಇರಲಿಲ್ಲ. ಕರೆದವರಿಗೆ ಬರೆದೆ, ಕರೆಯದವರಿಗೆ ನಮಸ್ಕಾರ ಹಾಕಿದೆ.

ಈಗ ಈ ಕೆಲಸಕ್ಕೆ ಇಳಿಯುವ ಹುಡುಗ ಹುಡುಗಿಯರು ಆಗಾಗ ಫೋನ್ ಮಾಡುತ್ತಾರೆ. ಬರೆಸುವವರೂ ಮಾಡುತ್ತಾರೆ. "ಬರೆಯೋರನ್ನ ಗೊತ್ತು ಮಾಡ್ಕೊಂಡ್ರೆ ನಮಗೇನು ಸಿಗ್ತದೆ ಮೇಡಂ?" ಎನ್ನುತ್ತಾರೆ. ಇಬ್ಬರಿಗೂ ನಾನು ಹೇಳುವುದು ಒಂದೇ. ಒಳ್ಳೆಯ ಬರಹಗಾರರು ಬಂದರೆ ಮೊದಲು ಸಿಗುವುದು ತಲೆನೋವು. ಅವರು ಬರೆಯುವುದಕ್ಕಿಂತ ಹೆಚ್ಚು ಕೇಳುತ್ತಾರೆ. ಕೇಳದೆ ಮಾರನೇ ದಿನವೇ ಬರೆದು ತಂದುಕೊಟ್ಟರೆ, ಮರ್ಯಾದೆಯಿಂದ ಕಾಫಿ ಕೊಟ್ಟು ಕಳಿಸಿಬಿಡಿ.

ಇದನ್ನು ನಾನು ಕಲಿತದ್ದು ಮಂಡಿ ಬೀದಿಯ ಹತ್ತಿರದ ಒಂದು ಡಿಟಿಪಿ ಅಂಗಡಿಯಲ್ಲಿ. ಅಲ್ಲಿ ಟೈಪ್ ಮಾಡುತ್ತಿದ್ದೆ. ಒಬ್ಬ ನರ್ಸರಿಯವರು ಕರಪತ್ರಕ್ಕೆ ಬಂದರು. ಅವರ ಕೈಯಲ್ಲಿದ್ದ ಚೀಟಿಯಲ್ಲಿ ಅಂಗಡಿ ಹೆಸರು ಬಿಟ್ಟರೆ ಇದ್ದದ್ದು "ಎಲ್ಲಾ ತರಹದ ಗಿಡಗಳು ದೊರೆಯುತ್ತವೆ" ಎಂಬ ಒಂದೇ ಸಾಲು. ಯಾವ ಯಾವ ಗಿಡ ಎಂದು ಕೇಳಿದೆ. "ಎಲ್ಲಾ ಅಂದ್ರೆ ಎಲ್ಲಾ ಕಣಮ್ಮ, ಅಷ್ಟು ಹಾಕು ಸಾಕು" ಎಂದರು. ಹಾಕಿದೆ. ಆಮೇಲೆ ತಿಂಗಳುಗಟ್ಟಲೆ ಜನ ಅವರ ಬಳಿ ಸೇಬಿನ ಸಸಿ, ಏಲಕ್ಕಿ, ಗಂಧ, ಕಡೆಗೆ ಕಾಶ್ಮೀರದ ಕೇಸರಿಯನ್ನೂ ಕೇಳಿಕೊಂಡು ಹೋದರಂತೆ. ಅವರು ಮತ್ತೆ ಬಂದಾಗ ಮುಖ ಸಣ್ಣದಾಗಿತ್ತು. ಈ ಸಲ ನಾನು ಅವರ ನರ್ಸರಿಗೇ ಹೋಗಿ, ಇದ್ದ ಗಿಡಗಳನ್ನು ಕಣ್ಣಾರೆ ನೋಡಿ ಬರೆದೆ. ಅವರಲ್ಲಿ ದಾಸವಾಳವೇ ಎಷ್ಟೋ ಬಣ್ಣದ್ದಿತ್ತು, ಅದನ್ನು ಒಂದು ಸಾಲಿನಲ್ಲಿ ಹೇಳಿದೆ. ಜನ ದಾಸವಾಳಕ್ಕೆ ಬಂದರು. ನನ್ನ ವೃತ್ತಿ ಅಲ್ಲಿಂದ ಶುರುವಾಯಿತು.

ಈ ಕೆಲಸದಲ್ಲಿ ಮೇಲಧಿಕಾರಿ ಎಂದರೆ ಬರೆಸುವವರೇ. ಅವರಲ್ಲಿ ನಾನಾ ನಮೂನೆ. "ಜೋರಾಗಿ ಇರ್ಲಿ" ಎನ್ನುವವರು ಒಂದು ಗುಂಪು. ಜೋರು ಎಂದರೆ ಏನು ಎಂದು ಅವರಿಗೂ ಗೊತ್ತಿರುವುದಿಲ್ಲ, ಓದಿದ ಮೇಲೆ "ಇದಲ್ಲ" ಎನ್ನುವುದು ಮಾತ್ರ ಗೊತ್ತಿರುತ್ತದೆ. ತಾವು ಒಪ್ಪಿ, ಆಮೇಲೆ ಭಾವಮೈದುನನಿಗೆ ತೋರಿಸಿ, ಅವನು ಹೇಳಿದ ತಿದ್ದುಪಡಿಯನ್ನೆಲ್ಲ ನನಗೆ ಕಳಿಸುವವರು ಇನ್ನೊಂದು ಗುಂಪು. ಭಾವಮೈದುನರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಹೊಸಬರಿಗೆ ಹೇಳುತ್ತೇನೆ, ಕೊನೆಯ ಮಾತು ಯಾರದು ಎಂದು ಮೊದಲ ದಿನವೇ ಕೇಳಿಕೊಳ್ಳಿ.

ಇನ್ನು ಕೆಲವರು ಹೊರದೇಶದ ಪುಟವೊಂದನ್ನು ಎತ್ತಿ, ಮೊಬೈಲಿನಲ್ಲಿ ಕನ್ನಡ ಮಾಡಿಸಿ, "ಸ್ವಲ್ಪ ಸರಿ ಮಾಡ್ಕೊಡಿ" ಎಂದು ಕಳಿಸುತ್ತಿದ್ದರು. ತುರುವೇಕೆರೆಯಿಂದ ಒಬ್ಬರು ಹಾಗೆ ಕಳಿಸಿದ್ದರಲ್ಲಿ, ಹಿಮ ಬೀಳುವ ಮೊದಲು ಹುಲ್ಲಿಗೆ ಏನು ಮಾಡಬೇಕು ಎಂದಿತ್ತು. ಅದನ್ನು ತೆಗೆದೆ. ಅದರ ಕೆಳಗೆ, ಅಲ್ಲಿನ ಯಾವುದೋ ಮರವನ್ನು ಅವರೇ ತೆಂಗು ಮಾಡಿ, ಅದರಡಿ ಬೆಂಚು ಹಾಕಿಸಿಕೊಂಡು ಸಂಜೆಯೆಲ್ಲ ಪುಸ್ತಕ ಓದಿ ಎಂದಿತ್ತು. ನಮ್ಮ ಕಡೆ ತೆಂಗಿನ ಬುಡದಲ್ಲಿ ಯಾರೂ ಸೈಕಲ್ ಕೂಡ ನಿಲ್ಲಿಸುವುದಿಲ್ಲ. ಒಣಗಿದ ಗರಿ ಯಾವಾಗ ಕಳಚುತ್ತದೋ, ಕಾಯಿ ಯಾವಾಗ ಉದುರುತ್ತದೋ. ಅವರಿಗೆ ಫೋನ್ ಮಾಡಿ, "ಆ ಬೆಂಚಿನ ಮೇಲೆ ಮೊದ್ಲು ನೀವೇ ಒಂದು ಸಂಜೆ ಕೂತು ತೋರಿಸಿ, ಆಮೇಲೆ ಬರೀತೀನಿ" ಎಂದೆ. ಅವರು ನಕ್ಕುಬಿಟ್ಟರು.

ನನಗೆ ಅತಿ ಹೆಚ್ಚು ಕೆಲಸ ಕೊಟ್ಟವನು ಪರಮೇಶ. ತಿಪಟೂರಿನಿಂದ ತುರುವೇಕೆರೆಗೆ ಹೋಗುವ ರಸ್ತೆಯಲ್ಲಿ ಅವನ ನರ್ಸರಿ. ಗಿಡ ಮಾರುವುದರಿಂದ ಶುರು ಮಾಡಿ, ಲಾನ್ ಹಾಕಿಕೊಡುವುದು, ಗಾರ್ಡನ್ ಮಾಡಿಕೊಡುವುದು ಎಂದು ಬೆಳೆದವನು. ಮನುಷ್ಯ ಒಳ್ಳೆಯವನು, ಬಾಯಿ ಸ್ವಲ್ಪ ಮುಂದು. ಅವನು ಏನನ್ನೂ ಬರೆದು ಕಳಿಸುತ್ತಿರಲಿಲ್ಲ. ಹುಲ್ಲು ಕತ್ತರಿಸುವ ಮಿಷನ್ ಪಕ್ಕದಲ್ಲಿ ನಿಂತು ವಾಯ್ಸ್ ಮೆಸೇಜ್ ಕಳಿಸುತ್ತಿದ್ದ. ಅರ್ಧ ಮಾತು ಅವನದು, ಅರ್ಧ ಮಿಷನಿನದು.

ಒಂದು ವರ್ಷ ಅವನು ನಾರಿನ ಕಾರ್ಖಾನೆಯಿಂದ ತೆಂಗಿನ ನಾರಿನ ಪುಡಿಯನ್ನು ಲೋಡುಗಟ್ಟಲೆ ತಂದು, ತೊಳೆಯದೆ ಹಳೆಯದಾಗಲು ಬಿಡದೆ, ಹಸಿಹಸಿಯಾಗಿಯೇ ಕುಂಡಗಳಿಗೆ ತುಂಬಿಬಿಟ್ಟ. ಗಿಡಗಳೆಲ್ಲ ಹಳದಿಗೆ ತಿರುಗಿದವು. ಅವನು ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ನಾನು, "ಇದನ್ನೇ ಬರೆಯೋಣ" ಎಂದೆ. "ನನ್ ಮಾನ ಕಳೀತೀಯಾ ಅಕ್ಕ?" ಎಂದು ಕೇಳಿದ. ಬರೆದೆವು. ಹಸಿ ಪುಡಿ ಹಾಕಿದರೆ ಏನಾಗುತ್ತದೆ, ಅದನ್ನು ಎಷ್ಟು ನೀರಿನಲ್ಲಿ ತೊಳೆಯಬೇಕು, ಎಷ್ಟು ಕಾಯಬೇಕು ಎನ್ನುವುದನ್ನು ಅವನ ಬಾಯಿಂದಲೇ ಹೇಳಿಸಿದಂತೆ ಬರೆದೆ. ನಾವು ಅವನನ್ನು ಹೊಗಳಿ ಬರೆದ ಯಾವ ಪುಟಕ್ಕೂ ಅಷ್ಟು ಫೋನ್ ಬಂದಿರಲಿಲ್ಲ. ಅವತ್ತಿನಿಂದ ಪರಮೇಶ ನನ್ನ ಮಾತನ್ನು ಅರ್ಧಕ್ಕರ್ಧ ನಂಬತೊಡಗಿದ.

ಕಡೆಗೆ ನನ್ನದೊಂದು ಪದ್ಧತಿ ಆಯಿತು. ಯಾರ ಮನೆಯ ಗಾರ್ಡನ್ ಬಗ್ಗೆ ಬರೆಯಬೇಕೋ, ಕೆಲಸ ಶುರುವಾಗುವ ಮೊದಲು ಅಲ್ಲಿಗೆ ಹೋಗುವುದು. ಮನೆಯವರನ್ನು, ಇಲ್ಲಿ ಮುಂಚೆ ಏನಿತ್ತು ಎಂದು ಕೇಳುವುದು. ಬರೆದದ್ದನ್ನು ಅವರ ಅಂಗಳದಲ್ಲೇ ಕೂತು ಅವರಿಗೆ ಓದಿ ಹೇಳುವುದು. ಅವರು ಹೂಂ ಎಂದ ಮೇಲೆಯೇ ಪರಮೇಶನ ಪುಟಕ್ಕೆ ಹಾಕುವುದು. ತೆಗಿ ಎಂದರೆ ತೆಗೆಯುತ್ತಿದ್ದೆ, ಇಲ್ಲದ್ದನ್ನು ಸೇರಿಸು ಎಂದರೆ ಸೇರಿಸುತ್ತಿರಲಿಲ್ಲ. ಈ ಪದ್ಧತಿಯಿಂದ ಅವನಿಗೆ ಬಹಳ ಸಲ ಬೇಜಾರಾಗಿದೆ. ಒಂದು ಸಲ ಭಯವೂ ಆಯಿತು, ನನಗೂ ಆಯಿತು. ಅದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಹಾಲ್ಕುರಿಕೆ ಕಡೆ ರಾಜಶೇಖರಪ್ಪ ಎಂಬುವವರು ತಮ್ಮ ತೋಟದಲ್ಲೇ, ಹಳೆಯ ಮನೆಯ ಪಕ್ಕಕ್ಕೆ ಹೊಸ ಮನೆ ಕಟ್ಟಿಸುತ್ತಿದ್ದರು. ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟವರು, ಹೆಸರಿದ್ದವರು. ಮನೆ ಮುಂದಿನ ಕೆಲಸವನ್ನು ಪರಮೇಶನಿಗೆ ಕೊಟ್ಟಿದ್ದರು. ಅವನಿಗೆ ಅಷ್ಟು ದೊಡ್ಡ ಕೆಲಸ ಅದೇ ಮೊದಲು. ಗೃಹಪ್ರವೇಶಕ್ಕೆ ಮಂಡಿಯವರೆಲ್ಲ ಬರುತ್ತಾರೆ, ಇದೊಂದು ಕಣ್ಣಿಗೆ ಬಿದ್ದರೆ ಮುಂದಿನ ದಾರಿ ತೆರೆದ ಹಾಗೆ ಎಂದು ಅವನ ಲೆಕ್ಕ. ಹಗಲೆಲ್ಲ ಅದೇ ಮಾತು. ರಾಜಶೇಖರಪ್ಪನವರಿಗೆ ಬೇಕಾಗಿದ್ದದ್ದು ಗೇಟಿನಿಂದ ಬಾಗಿಲವರೆಗೆ ಹಸಿರು ಲಾನ್, ಎರಡೂ ಕಡೆ ಸಾಲಾಗಿ ರಾಯಲ್ ಪಾಮ್. ನಮ್ಮ ಕಡೆ ಇದು ವಾಡಿಕೆಯೇ. ಸುತ್ತ ಕಣ್ಣು ಹಾಯಿಸಿದಷ್ಟೂ ತೆಂಗು ಇದ್ದವರು ಮನೆ ಮುಂದೆ ಮಾತ್ರ ಕಾಯಿ ಬಿಡದ ಮರ ಇರಲಿ ಎನ್ನುತ್ತಾರೆ. ಮನೆ ಮುಂದೆಯೂ ತೆಂಗಿದ್ದರೆ ಅದು ತೋಟದ ಮನೆ ಹಾಗೆಯೇ ಕಾಣುತ್ತದಲ್ಲ ಎಂಬ ಸಂಕೋಚ.

ನಾನು ಹೋದಾಗ ಹೊಸ ಮನೆಯ ಮುಂದೆ ನಾಲ್ಕು ಹಳೆಯ ತೆಂಗಿನ ಮರಗಳಿದ್ದವು. ಕಾಂಡಕ್ಕೆ ಕೆಂಪು ಬಣ್ಣದ ಪಟ್ಟೆ ಬಳಿದಿತ್ತು, ಕಡಿಯಬೇಕಾದವು ಎಂಬ ಗುರುತು. ಇಲ್ಲಿ ಮುಂಚೆ ಏನಿತ್ತು ಎಂದು ಯಜಮಾನರನ್ನು ಕೇಳಿದೆ. "ಇನ್ನೇನಿರ್ತದೆ ಮೇಡಮ್ಮೋರೆ, ಮರ ಅವೆ, ಕಾಣ್ತವಲ್ಲ" ಎಂದು ಮಂಡಿಗೆ ಹೊರಟರು. ಅವರ ಹೆಂಡತಿ ಕಾಫಿ ತಂದರು. ಅವರನ್ನೂ ಕೇಳಿದೆ.

"ಅವು ನಮ್ಮ ನಾದಿನಿ ಮರ ಕಣ್ರೀ" ಎಂದರು.

ನಾದಿನಿಯ ಹೆಸರು ಪಾರ್ವತಮ್ಮ. ಹುಳಿಯಾರಿಗೆ ಕೊಟ್ಟಿದ್ದರು. ಮಾವನವರು ಇರುವಾಗಲೇ ಈ ನಾಲ್ಕು ಮರದ ಫಲವನ್ನು ಮಗಳ ಅರಿಶಿನ ಕುಂಕುಮಕ್ಕೆ ಎಂದು ಬಿಟ್ಟಿದ್ದರಂತೆ. ಕಾಗದ ಪತ್ರ ಏನೂ ಇಲ್ಲ, ಬಾಯಿಮಾತು. ತೋಟದಲ್ಲಿ ಕಾಯಿ ಕೀಳಿಸುವಾಗಲೆಲ್ಲ ಆಕೆಗೆ ಹೇಳಿಕಳಿಸುವುದು, ಆ ಮರಗಳ ಕಾಯಿಯನ್ನು ಬೇರೆ ಗುಡ್ಡೆ ಹಾಕುವುದು, ಆಕೆ ಬಂದು ಎರಡು ದಿನ ಇದ್ದು ತನ್ನ ಕಾಯಿ ತೆಗೆದುಕೊಂಡು ಹೋಗುವುದು. ಮಾವನವರು ಹೋದ ಮೇಲೂ ಅದು ನಡೆದುಬಂದಿತ್ತು. ಕಡಿಯುವ ವಿಷಯ ಆಕೆಗೆ ಗೊತ್ತೇ ಎಂದು ಕೇಳಿದೆ. "ನಮ್ಮೆಜಮಾನ್ರು ಹೇಳ್ತೀನಿ ಅಂದವ್ರೆ" ಎಂದು ಲೋಟ ಎತ್ತಿಕೊಂಡು ಒಳಗೆ ಹೋದರು. ಇನ್ನೂ ಹೇಳಿಲ್ಲ ಎಂದು ನನಗೆ ಅರ್ಥವಾಯಿತು.

ಮನೆಗೆ ಬಂದು ಬರೆದೆ. ಕೆಲಸ ಶುರುವಾಗುವ ಮುಂಚಿನ ಚಿತ್ರದ ಕೆಳಗೆ ಹಾಕಬೇಕಾದ ಮಾತು ಅದು. ಮನೆ ಎಲ್ಲಿದೆ, ಮಣ್ಣು ಹೇಗಿದೆ, ಏನೇನು ಮಾಡುತ್ತೇವೆ ಎಂದೆಲ್ಲ ಬರೆದು, ನಡುವೆ ಹೀಗೆ ಬರೆದೆ: "ಈ ಮನೆಯ ಮುಂದೆ ನಾಲ್ಕು ತೆಂಗಿನ ಮರಗಳಿವೆ. ಮನೆಯ ಹಿರಿಯರು ಅವನ್ನು ಮಗಳ ಅರಿಶಿನ ಕುಂಕುಮಕ್ಕೆಂದು ಬಿಟ್ಟಿದ್ದರು. ಈ ಜಾಗದಲ್ಲಿ ಇನ್ನು ಹುಲ್ಲುಹಾಸು ಬರಲಿದೆ." ಹೆಚ್ಚಿಲ್ಲ, ಕಡಿಮೆಯಿಲ್ಲ. ಆದರೂ ಬರೆದಾದ ಮೇಲೆ ನನಗೇ ಕಸಿವಿಸಿ ಆಯಿತು.

ಪರಮೇಶ ಓದಿ ಬೆವರಿದ. "ಅಕ್ಕ, ಇದನ್ನ ತೆಗ್ದುಬುಡು."

"ನಿನ್ನ ಪುಟ, ನಿನ್ನಿಷ್ಟ. ಆದ್ರೆ ಯಜಮಾನರ ಮುಂದೆ ಓದೋದು ಇದನ್ನೇ. ಅವ್ರು ತೆಗಿ ಅಂದ್ರೆ ತೆಗೀತೀನಿ."

"ಅವ್ರಿಗೆ ಸಿಟ್ಟು ಬಂದು ಕೆಲ್ಸ ಬ್ಯಾರೆಯವ್ರಿಗೆ ಕೊಟ್ರೆ? ಪಾಮ್‌ಗೆ ಆಂಧ್ರಕ್ಕೆ ಹೇಳಿದ್ದೀನಿ. ಆಳುಗಳಿಗೆ ಬನ್ನಿ ಅಂದಿದ್ದೀನಿ."

"ಮರ ಕಡಿದ ಮೇಲೆ ಆಯಮ್ಮ ಬಂದು ಅಂಗಳದಲ್ಲಿ ಅತ್ರೆ? ಗೃಹಪ್ರವೇಶದ ದಿನ ಮಂಡಿಯೋರೆಲ್ಲ ನಿನ್ನ ಲಾನ್ ನೋಡ್ತಾರಾ, ಆಯಮ್ಮನ್ನ ನೋಡ್ತಾರಾ?"

ನಾನು ದೊಡ್ಡ ಧೈರ್ಯವಂತೆಯ ಹಾಗೆ ಹೇಳಿದೆನೇ ಹೊರತು ನನಗೂ ಅಳುಕಿತ್ತು. ಒಬ್ಬರ ಮನೆಯೊಳಗಿನ ಮಾತು. ನಾನು ಯಾರು? ಗಿಡದವರಿಗೆ ಬರೆದುಕೊಡುವವಳು. ಅವನ ಅನ್ನಕ್ಕೆ ಕಲ್ಲು ಹಾಕುತ್ತಿದ್ದೇನೆಯೋ ಎಂದು ಎರಡು ದಿನ ಒದ್ದಾಡಿದೆ.

ಓದಿ ಹೇಳಲು ಯಜಮಾನರು ಬರಹೇಳಿದ ದಿನ ಅಲ್ಲಿ ಕಾಯಿ ಕೀಳಿಸುತ್ತಿದ್ದರು. ಆ ನಾಲ್ಕು ಮರದಿಂದ ಕಡೇ ಸಲ ಕಾಯಿ ಇಳಿಸಿ, ಮಾರನೇ ವಾರ ಕಡಿಸುವುದು ಎಂದಿತ್ತು. ಹಳೆಯ ಮನೆಯ ಜಗಲಿಯ ಮೇಲೆ ಪಾರ್ವತಮ್ಮ ಕೂತಿದ್ದರು, ಹುಳಿಯಾರಿನಿಂದ ಬೆಳಗಿನ ಬಸ್ಸಿಗೆ ಬಂದಿದ್ದರು. ಅವರ ಕಾಯಿಯ ಗುಡ್ಡೆ ಎಂದಿನಂತೆ ಬೇರೆಯಾಗಿ ಬಿದ್ದಿತ್ತು. ಮರದ ಪಟ್ಟೆಯನ್ನು ನೋಡಿ ಆಕೆ ಬಂದಕೂಡಲೇ ಕೇಳಿದ್ದರಂತೆ. ರಾಜಶೇಖರಪ್ಪನವರು, ಗೆದ್ದಲಿಗೆ ಬಳಿಸಿದ್ದೀನಿ ಎಂದಿದ್ದರಂತೆ. ಇದು ನನಗೆ ಆಮೇಲೆ ಗೊತ್ತಾದದ್ದು.

"ಓದಿ ಮೇಡಮ್ಮೋರೆ" ಎಂದರು ಯಜಮಾನರು. ಪಕ್ಕದಲ್ಲಿ ತಂಗಿ ಇರುವುದು ಅವರಿಗೆ ತೊಡಕಾಗಲಿಲ್ಲ. ನಾನು ಏನು ಬರೆದಿದ್ದೇನೆಂದು ಅವರಿಗೆ ಗೊತ್ತಿರಲಿಲ್ಲವಲ್ಲ. ಆಮೇಲೆ ಓದುತ್ತೇನೆ ಎಂದು ಎದ್ದುಬಿಡಲೇ ಎನಿಸಿತು. ಪರಮೇಶ ನೆಲ ನೋಡುತ್ತಿದ್ದ. ಆದರೂ ಓದಿದೆ.

ಆ ಮೂರು ಸಾಲು ಬಂದಾಗ ಕಾಯಿ ಎಣಿಸುತ್ತಿದ್ದ ಆಳು ಕೂಡ ನಿಲ್ಲಿಸಿದ. ರಾಜಶೇಖರಪ್ಪನವರ ಮುಖ ಕೆಂಪಾಯಿತು. ಆದರೆ ಅವರು ನನ್ನ ಕಡೆ ತಿರುಗಲಿಲ್ಲ, ತಂಗಿಯ ಕಡೆ ತಿರುಗಿದರು.

"ಪಾರ್ವತಿ, ನಿನ್ ಕಾಯಿ ಎಲ್ಲೂ ಹೋಗಲ್ಲ ಕಣಮ್ಮ. ಹಿಂದ್ಗಡೆ ಒಳ್ಳೆ ಮರ ಅವೆ, ನಾಲ್ಕರ ಬದ್ಲು ಎಂಟು ಮರದ್ದು ತಗೋ. ನಾನೇ ಚೀಲ ಕಟ್ಟಿ ಬಸ್ಸಿಗೆ ಹಾಕಿ ಕಳಿಸ್ತೀನಿ. ಪ್ರತಿ ಸಲ ಬಸ್ಸು ಹತ್ತಿ ಬರೋ ತೊಂದ್ರೇನೂ ತಪ್ತದೆ ನಿಂಗೆ."

ಅವರು ಕಪಟದಿಂದ ಹೇಳಲಿಲ್ಲ. ಅದನ್ನು ಈಗಲೂ ನಂಬುತ್ತೇನೆ. ಹುಟ್ಟಿದಾಗಿನಿಂದ ಎಲ್ಲವನ್ನೂ ಕಾಯಿಯ ಲೆಕ್ಕದಲ್ಲೇ ನೋಡಿದವರು. ಕಾಯಿ ಹೆಚ್ಚು ಕೊಟ್ಟರೆ ತಂಗಿಗೆ ಹೆಚ್ಚು ಕೊಟ್ಟ ಹಾಗೆ ಎಂದೇ ಅವರ ಮನಸ್ಸಿನಲ್ಲಿದ್ದದ್ದು. ನಮ್ಮ ಸೀಮೆಯವರಲ್ಲದೆ ಬೇರೆ ಯಾರೂ ಅಷ್ಟು ಪ್ರೀತಿಯಿಂದ ಅಂಥ ತಪ್ಪು ಮಾಡಲಾರರು.

ಪಾರ್ವತಮ್ಮ ಸೆರಗಿನಿಂದ ಕೈ ಒರೆಸಿಕೊಂಡರು. ಅಳಲಿಲ್ಲ, ದನಿ ಏರಿಸಲಿಲ್ಲ.

"ಕಾಯಿ ಹುಳಿಯಾರ್ ಸಂತೇಲೂ ಸಿಗ್ತವೆ ಕಣಣ್ಣ" ಎಂದರು. ತನ್ನ ಕಾಯಿಯ ಗುಡ್ಡೆ ನೋಡುತ್ತ, "ಬರೋ ತೊಂದ್ರೆ ತಪ್ಪಿಸ್ಬ್ಯಾಡ" ಎಂದರು.

ರಾಜಶೇಖರಪ್ಪನವರು ಎದ್ದು ಮರಗಳ ಕಡೆ ಹೋಗಿ ಬೆನ್ನು ಹಾಕಿ ನಿಂತರು. ನನಗೆ ಅಲ್ಲಿ ಇರುವುದೋ ಹೊರಡುವುದೋ ತಿಳಿಯಲಿಲ್ಲ. ತುಂಬ ಹೊತ್ತಾದ ಮೇಲೆ ಅವರು ಅಲ್ಲಿಂದಲೇ ಕೂಗಿದರು.

"ಏನಪ್ಪ ಪರಮೇಶ, ಈ ನಾಕು ಮರ ಇದ್ದಂಗೇ ನಿನ್ ಕೆಲ್ಸ ಆಗ್ತದಾ?"

ಪರಮೇಶ ಒಮ್ಮೆ ನನ್ನನ್ನು ನೋಡಿ, ಓಡಿಹೋದ. "ಆಗ್ತದಣ್ಣ. ಲಾನ್‌ನ ಒಂದು ಪಕ್ಕಕ್ಕೆ ಎಳ್ಕೊಂಡು ಹೋಗ್ತೀನಿ. ಪಾಮ್‌ನ ಕಾಂಪೌಂಡ್ ಉದ್ದಕ್ಕೆ ಹಾಕಾನ. ಮರದ ಬುಡಕ್ಕೆ ಹುಲ್ಲು ಬರಲ್ಲ, ನೆರಳು. ಅರಿಶಿನ ಹಾಕ್ಬೋದು. ಆದ್ರೆ ಬೆಂಚು ಮಾತ್ರ ಹಾಕ್ಕೊಡಲ್ಲ."

ಹೊರಡುವಾಗ ಯಜಮಾನರು ನನ್ನನ್ನು ಪಕ್ಕಕ್ಕೆ ಕರೆದರು. ಬೈಯುತ್ತಾರೆ ಎಂದುಕೊಂಡೆ. "ಮೇಡಮ್ಮೋರೆ, ಅದನ್ನ ಹಾಕ್ಬೇಡಿ. ಮನೆ ಮಾತು" ಎಂದರು. ಅಲ್ಲೇ ಅವರ ಮುಂದೆಯೇ ಆ ಮೂರು ಸಾಲು ಹೊಡೆದುಹಾಕಿದೆ. ಪರಮೇಶನ ಪುಟದಲ್ಲಿ ಇವತ್ತಿಗೂ ಇರುವುದು "ಹಳೆಯ ಮರಗಳನ್ನು ಉಳಿಸಿಕೊಂಡು ಮಾಡಿದ ಗಾರ್ಡನ್" ಎಂಬ ಸಪ್ಪೆ ಸಾಲು. ಬರೆಯಲು ಬರುವ ಹೊಸಬರಿಗೆ ಇದನ್ನೇ ಹೇಳುತ್ತೇನೆ. ನೀವು ಬರೆದದ್ದರಲ್ಲಿ ಒಳ್ಳೆಯದೇ ಎಷ್ಟೋ ಸಲ ಹೊರಗೆ ಬರುವುದಿಲ್ಲ. ಅದಕ್ಕೆ ಬೇಜಾರು ಮಾಡಿಕೊಂಡರೆ ಈ ಕೆಲಸ ಆಗುವುದಿಲ್ಲ.

ಗೃಹಪ್ರವೇಶಕ್ಕೆ ಮಂಡಿಯವರು ಬಂದರು, ಲಾನ್ ನೋಡಿದರು. ಪರಮೇಶನಿಗೆ ಆಮೇಲೆ ಕೆಲಸಕ್ಕೆ ಬರವಾಗಲಿಲ್ಲ.

ಈಗ ಅವನು ನನ್ನಿಂದ ಬರೆಸುವುದಿಲ್ಲ. ಫೋನಿಗೆ ಹೇಳಿದರೆ ಅದೇ ಬರೆದುಕೊಡುತ್ತದೆ. ಕಳಿಸಿದ್ದನ್ನು ಓದಿದ್ದೇನೆ, ಚೆನ್ನಾಗಿಯೇ ಇರುತ್ತದೆ, ಕಾಗುಣಿತ ನನಗಿಂತ ಮೇಲು. ಮುಂಚೆ ಏನಿತ್ತು ಎಂದು ಮಾತ್ರ ನೀನೇ ಹೋಗಿ ಕೇಳಿಕೊಂಡು ಬಂದು ಅದಕ್ಕೆ ಹೇಳು ಎಂದಿದ್ದೇನೆ. ಕೇಳುತ್ತಾನೋ ಇಲ್ಲವೋ ಗೊತ್ತಿಲ್ಲ.

ಮೊನ್ನೆ ಅವನ ಫೋನ್ ಬಂತು, ಹಿಂದೆ ಎಂದಿನಂತೆ ಮಿಷನ್ ಸದ್ದು. ರಾಜಶೇಖರಪ್ಪನವರ ಮನೆಯಲ್ಲಿ ಹುಲ್ಲು ಕತ್ತರಿಸಲು ಹೋಗಿದ್ದನಂತೆ. ಆ ನಾಲ್ಕರಲ್ಲಿ ಒಂದು ಮರ ಸುಳಿ ಕೊಳೆತು ಹೋಗಿತ್ತು, ಅದು ನನಗೂ ತಿಳಿದಿತ್ತು.

"ಅಕ್ಕ, ಏನ್ ಹೇಳಾನ. ಲಾನ್ ನಟ್ಟ ನಡುವೆ ಗುಂಡಿ ತೋಡಿ ತೆಂಗಿನ ಸಸಿ ನೆಟ್ಟವ್ರೆ. ಫೋಟೋಕ್ಕೆ ಒಂಚೂರೂ ಚೆನ್ನಾಗಿಲ್ಲ."

"ಯಾರು ನೆಟ್ಟಿದ್ದು?"

"ಯಜಮಾನ್ರೇ. ಹೋದ ಮರದ ಕಾಯಿ ಎತ್ತಿಟ್ಟು ಮೊಳಕೆ ಬರ್ಸಿದ್ರಂತೆ. ಪಕ್ಕದಾಗೆ ನೆಡ್ಬೋದಿತ್ತಲ್ಲಣ್ಣ ಅಂದ್ರೆ, ಅಲ್ಲಿ ನೆರಳು, ಅದಕ್ಕೇ ಬಿಸಿಲಿಗೆ ನೆಟ್ಟಿದ್ದು ಅಂತಾರೆ. ತಂಗೀನ ಹುಳಿಯಾರಿಂದ ಕರ್ಸಿ ನೀರು ಹುಯ್ಸವ್ರೆ. ಇದು ಫಲಕ್ಕೆ ಬರೋಗಂಟ ನೀನೇ ಬಂದು ನೋಡ್ಕೋಬೇಕು ಅಂತ ಆಯಮ್ಮನ್ಗೆ ತಾಕೀತು ಮಾಡವ್ರೆ."

ತೆಂಗು ಫಲಕ್ಕೆ ಬರಲು ಎಷ್ಟು ವರ್ಷ ಬೇಕೆಂದು ರಾಜಶೇಖರಪ್ಪನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

"ಈಗೇನ್ ಮಾಡ್ಲಿ ಅಕ್ಕ?" ಎಂದ ಪರಮೇಶ.

ಸಸಿಯ ಸುತ್ತ ಬಿಟ್ಟು ಮಿಷನ್ ಓಡಿಸಪ್ಪ ಎಂದೆ.